ಹದಿನಾಲ್ಕು ಅಡಿ ದೋಣಿ, ಮೂರು ದಿನದ ಹಿನ್ನೀರು

ಬಾಸ್ ಎಂಬ ಸಿಹಿನೀರಿನ ಮೀನಿನ ಬೇಟೆಯ ಪ್ರವಾಸಗಳು ಕೆಡುವುದು ಹೆಚ್ಚಾಗಿ ದೋಣಿಯ ಕಡೆಯಿಂದ. ಸಡಿಲವಾದ ಬ್ಯಾಟರಿ ನಟ್ಟು, ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಎರಡು ಮೊಳ ದಾರ, ಮನೆಯಲ್ಲೇ ಉಳಿದ, ದೋಣಿಯ ನೀರುತೂತಿನ ಬಿರಡೆ, ಇಷ್ಟು ಸಾಕು. ದೋಣಿಯ ಕೆಲಸ ಮತ್ತು ಗಾಳದ ಕೆಲಸ ಬೇರೆ ಬೇರೆ ಎಂದುಕೊಂಡವರಿಗೆ ಈ ತೊಂದರೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಇಲ್ಲಿ ಎರಡನ್ನೂ ಸೇರಿಸಿ, ವಸಂತದ ಮೂರು ದಿನದ ಪ್ರವಾಸವೊಂದನ್ನು ದಿನದ ಕ್ರಮದಲ್ಲೇ ಬರೆದಿದೆ. ದೋಣಿ 14 ಅಡಿಯ ಅಲ್ಯೂಮಿನಿಯಂನದು. ಹಿಂದೆ 20 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಮುಂದೆ 55 ಪೌಂಡ್ ತಳ್ಳುಬಲದ ಟ್ರೋಲಿಂಗ್ ಮೋಟರ್ (ಮೀನು ಹುಡುಕುವಾಗ ನಿಧಾನಕ್ಕೆ ಸಾಗಿಸುವ ಬ್ಯಾಟರಿ ಮೋಟರ್). ಇಬ್ಬರು ಜನ. ನೀರು ದೊಡ್ಡ ಜಲಾಶಯದ ಹಿನ್ನೀರು.

ಹೊರಡುವ ಹಿಂದಿನ ಸಂಜೆ

ಮೊದಲು ಟ್ರೇಲರ್. ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್ ಸವೆದಿದೆ. ಚಕ್ರದ ಮೇಲಂಚು ಕೆಳಂಚು ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ನಟ್ಟು ಸಡಿಲ. ಗ್ರೀಸ್ ಬಿಳಿಚಿಕೊಂಡು ಹಾಲಿನ ಕೆನೆಯಂತೆ ಕಂಡರೆ ಒಳಗೆ ನೀರು ಹೋಗಿದೆ. ಹೊಸ ಗ್ರೀಸನ್ನು ಅದರ ಮೇಲೆ ತುಂಬಿ ಪ್ರಯೋಜನವಿಲ್ಲ, ಬಿಚ್ಚಿ ತೊಳೆದು ಸೀಲ್ ಬದಲಿಸಬೇಕು. ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಿರಿ. ಟ್ರೇಲರ್ ಟೈರು ಬಿಸಿಯಾಗಿ ಸಿಡಿಯಲು ಬಹುಪಾಲು ಕಾರಣ ಕಡಿಮೆ ಗಾಳಿ.

ಟ್ರೇಲರನ್ನು ವಾಹನಕ್ಕೆ ಸಿಕ್ಕಿಸುವ ಕೊಂಡಿಯ ಮೇಲಿನ ಭಾರ ಒಟ್ಟು ತೂಕದ ಶೇ 7ರಿಂದ 10ರಷ್ಟಿರಲಿ. ದೋಣಿ, ಎಂಜಿನ್, ಟ್ರೇಲರ್ ಸೇರಿ 350 ಕೆಜಿ ಆದರೆ ಕೊಂಡಿಯ ಮೇಲೆ 25ರಿಂದ 35 ಕೆಜಿ. ಮನುಷ್ಯರು ತೂಗಿಕೊಳ್ಳುವ ತಕ್ಕಡಿಯ ಮೇಲೆ ಕೊಂಡಿಯನ್ನು ಇಟ್ಟರೆ ಲೆಕ್ಕ ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನೋ ಇಂಧನದ ಡಬ್ಬವನ್ನೋ ಒಂದು ಮೊಳ ಮುಂದೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬ್ಯಾಟರಿಯ ಲೆಕ್ಕವನ್ನು ಇಂದೇ ಮಾಡಿಕೊಳ್ಳಬೇಕು, ಏಕೆಂದರೆ ನಾಳೆ ಎಲ್ಲೆಲ್ಲಿ ಮೀನು ಹುಡುಕಬಹುದು ಎಂಬುದನ್ನು ನಿರ್ಧರಿಸುವುದು ಅದೇ. 55 ಪೌಂಡಿನ ಮೋಟರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಆಯುಷ್ಯ ಕೆಡದಂತೆ ಬಳಸಬಹುದಾದ್ದು ಅರ್ಧ. ಅಂದರೆ ಪೂರ್ತಿ ವೇಗಕ್ಕೆ ಒಂದು ಗಂಟೆ. 10 ಆಂಪಿಯರ್ ಎಳೆಯುವ ನಿಧಾನಗತಿಗೆ ಐದು ಗಂಟೆ. ಚಾರ್ಜ್ ಮುಗಿದು ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆಯೇ ಇರಲಿ. ಒಂದೇ ಬ್ಯಾಟರಿಯಲ್ಲಿ ಎಲ್ಲವನ್ನೂ ನಡೆಸಿದರೆ ಸಂಜೆಗೆ ಮನೆಗೆ ಮರಳಲು ಹುಟ್ಟೇ ಗತಿ. ತುದಿಗಳಿಗೆ ರೆಕ್ಕೆಯ ನಟ್ಟು ಬಳಸಬೇಡಿ, ಸ್ಪ್ಯಾನರಿನಿಂದ ಬಿಗಿಯುವ ಆರುಮೂಲೆಯ ನಟ್ಟು ಹಾಕಿ. ಅಲುಗಾಟಕ್ಕೆ ರೆಕ್ಕೆಯ ನಟ್ಟು ಸಡಿಲಗೊಂಡು, ಸಡಿಲಾದ ಕಡೆ ಬಿಸಿ ಹುಟ್ಟಿ, ಬ್ಯಾಟರಿಯ ಕಂಬವೇ ಕರಗಿದ್ದುಂಟು. ಮೋಟರಿನ ತಂತಿಗೆ 60 ಆಂಪಿಯರಿನ ಬ್ರೇಕರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ರೀಲಿನಲ್ಲಿ ಹಳೆಯ ದಾರವಿದ್ದರೆ ಮೊದಲ ಎರಡು ಮೀಟರ್ ಕತ್ತರಿಸಿ ಎಸೆಯಿರಿ. ಸವೆತ ಇರುವುದು ಅಲ್ಲೇ.

ಮೊದಲ ದಿನ: ಇಳಿಜಾರು, ಗಾಳಿ, ಮರದ ಬೊಡ್ಡೆಗಳು

ದಾರಿಯಲ್ಲಿ ನಿಂತಾಗಲೆಲ್ಲ ಟ್ರೇಲರ್ ಚಕ್ರದ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಮುಂದೆ ಹೋಗಬಾರದು. ನೀರಿನ ಬಳಿ ತಲುಪಿದ ಕೂಡಲೇ ಟ್ರೇಲರನ್ನು ಮುಳುಗಿಸುವುದೂ ತಪ್ಪು. ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮೇಲೆ ಹೇಳಿದ ಬಿಳಿಚಿದ ಗ್ರೀಸಿನ ಮೂಲ ಇದೇ. ಇಪ್ಪತ್ತು ನಿಮಿಷ ಬದಿಗೆ ನಿಂತು, ಆ ಹೊತ್ತಿನಲ್ಲಿ ಉಳಿದ ಸಿದ್ಧತೆ ಮುಗಿಸಿದರೆ ಬೇರಿಂಗೂ ಉಳಿಯುತ್ತದೆ, ಹಿಂದೆ ಕಾಯುವವರಿಗೆ ದೋಣಿ ಇಳಿಸುವ ಇಳಿಜಾರೂ ಬೇಗ ಸಿಗುತ್ತದೆ.

ಆ ಇಪ್ಪತ್ತು ನಿಮಿಷದ ಮೊದಲ ಕೆಲಸ ಬಿರಡೆ. ಹಾಕಿ, ಕೈಯಿಂದ ಮುಟ್ಟಿ ನೋಡಿ. ಆಮೇಲೆ ಹಿಂಬದಿಯ ಪಟ್ಟಿಗಳನ್ನು ಬಿಚ್ಚಿ. ಮುಂದಿನ ವಿಂಚಿನ ಪಟ್ಟಿ ಮತ್ತು ಸರಪಳಿಯನ್ನು ದೋಣಿ ನೀರು ಮುಟ್ಟುವ ತನಕ ಬಿಡಲೇಬಾರದು. ನುಣುಪಾದ ಹಲಗೆಯ ಮೇಲಿನ ದೋಣಿ ಕಾಂಕ್ರೀಟಿಗೆ ಜಾರಿ ಬೀಳಲು ಒಂದೇ ಕ್ಷಣ ಸಾಕು. ದೀಪದ ಪ್ಲಗ್ ಕಿತ್ತಿಡಿ, ಬಿಸಿ ಬಲ್ಬು ನೀರಿಗೆ ತಾಗಿದರೆ ಒಡೆಯುತ್ತದೆ. ಮುಂಭಾಗಕ್ಕೆ ಉದ್ದನೆಯ ಹಗ್ಗ ಕಟ್ಟಿ. ಇಂಧನದ ಡಬ್ಬದ ಮುಚ್ಚಳದ ಗಾಳಿಕಂಡಿ ತೆರೆದು, ಇಂಧನ ಕೊಳವೆಯ ನಡುವಿನ ರಬ್ಬರ್ ಗುಂಡನ್ನು ಅದರ ಮೇಲಿನ ಬಾಣ ಮೇಲ್ಮುಖವಾಗಿರುವಂತೆ ಹಿಡಿದು ಗಟ್ಟಿಯಾಗುವ ತನಕ ಹಿಂಡಿ. ಕಂಡಿ ತೆರೆಯಲು ಮರೆತರೆ ಎಂಜಿನ್ ಐದು-ಹತ್ತು ನಿಮಿಷ ಚೆನ್ನಾಗಿ ಓಡಿ ಕುಸಿದು ನಿಲ್ಲುತ್ತದೆ; ಆಗ ಗುಂಡು ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಎಂಜಿನ್ ಕೆಟ್ಟಿತೆಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕೂರುವ ಮೊದಲು ಇದನ್ನು ನೋಡಿ.

ಹಿಂದಕ್ಕೆ ಬಿಡುವಾಗ ಕೈಯನ್ನು ಸ್ಟೀರಿಂಗಿನ ಕೆಳಭಾಗದಲ್ಲಿ ಇಟ್ಟುಕೊಳ್ಳಿ. ಕೈ ಎತ್ತ ಸರಿಯುತ್ತದೋ ಟ್ರೇಲರಿನ ಹಿಂಬದಿ ಅತ್ತ ಹೋಗುತ್ತದೆ. ದೋಣಿಯ ಹಿಂಭಾಗ ತೇಲತೊಡಗಿದಾಗ, ಮುಂದಿನ ಪಟ್ಟಿ ಇನ್ನೂ ಇರುವಾಗಲೇ ಎಂಜಿನ್ ಇಳಿಸಿ ಸ್ಟಾರ್ಟ್ ಮಾಡಿ. ಪಕ್ಕದ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ಆರಿಸಿ. ಆ ತೂತಿಗೆ ಜೇಡ ಗೂಡು ಕಟ್ಟಿರಬಹುದು, ಮೊಂಡು ತಂತಿಯಿಂದ ಮೆಲ್ಲಗೆ ಚುಚ್ಚಿ ನೋಡಿ. ಆಗಲೂ ನೀರು ಬಾರದಿದ್ದರೆ ಪಂಪಿನ ರಬ್ಬರ್ ಇಂಪೆಲ್ಲರ್ ಹೋಗಿದೆ, ಆ ಎಂಜಿನ್ ಇಂದು ಓಡುವುದಿಲ್ಲ. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರಿನ ರೆಕ್ಕೆಗಳು ಕೆಲವೇ ಕ್ಷಣಗಳಲ್ಲಿ ಉರಿದು ತುಂಡಾಗುತ್ತವೆ. ಮುಂದಿನ ಪಟ್ಟಿ ಬಿಚ್ಚುವ ಮೊದಲೇ ತಪಾಸಣೆ ನಡೆದಿರುವುದರಿಂದ ದೋಣಿಯನ್ನು ಹಾಗೇ ಎಳೆದುಕೊಂಡು ಮರಳಬಹುದು.

ಜೀವರಕ್ಷಕ ಜಾಕೆಟ್ ಮೈಮೇಲೆ, ನಡೆಸುವವರು ಬಿದ್ದರೆ ಕಳಚಿಕೊಂಡು ಎಂಜಿನ್ ನಿಲ್ಲಿಸುವ ಹಗ್ಗ ಅವರ ಮೈಗೆ. ಎಂಜಿನ್ನಿನ ಹಿಡಿಕೆ (ಟಿಲ್ಲರ್) ಹಿಡಿದು ನಡೆಸುವ ಸಣ್ಣ ದೋಣಿಯಿಂದ ಆಯತಪ್ಪಿ ಬಿದ್ದರೆ ಖಾಲಿ ದೋಣಿ ವೃತ್ತಾಕಾರದಲ್ಲಿ ಸುತ್ತಿ ಬಿದ್ದವರ ಮೇಲೇ ಬರುತ್ತದೆ. ಈ ಒಂದು ವಿಷಯದಲ್ಲಿ ನಮ್ಮದು ಹಟವೇ ಸರಿ: ಹಗ್ಗ ಕಟ್ಟದೆ ಗೇರ್ ಹಾಕಬಾರದು.

ಪೂರ್ತಿ ವೇಗದಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 7 ಲೀಟರ್ ಕುಡಿಯುತ್ತದೆ. 12 ಲೀಟರಿನ ಡಬ್ಬದಲ್ಲಿ ಹೋಗಲು ನಾಲ್ಕು, ಬರಲು ನಾಲ್ಕು, ಕೈಗಾವಲಿಗೆ ನಾಲ್ಕು. ಎದುರುಗಾಳಿಗೆ ಮರಳುವಾಗ ಈ ಕೊನೆಯ ನಾಲ್ಕರ ಬೆಲೆ ತಿಳಿಯುತ್ತದೆ. ಹಾಗಾಗಿ ಬೆಳಗ್ಗೆ ಮೊದಲು ಗಾಳಿ ಬರುವ ದಿಕ್ಕಿಗೇ ಹೋಗಿ. ದಿನದ ಕೊನೆಗೆ ಬ್ಯಾಟರಿ ಸೋತರೂ ಗಾಳಿಯೇ ದೋಣಿಯನ್ನು ಇಳಿಜಾರಿನತ್ತ ತಳ್ಳಿಕೊಂಡು ಬರುತ್ತದೆ.

ಇಂದು ಮೋಡ, ಹದವಾದ ಗಾಳಿ, ನೀರು 16 ಡಿಗ್ರಿ. ಲಾರ್ಜ್‌ಮೌತ್ ಬಾಸ್ ಮೊಟ್ಟೆಯಿಡುವುದು ನೀರು ಸುಮಾರು 15ರಿಂದ 20 ಡಿಗ್ರಿ ಇರುವಾಗ, ಆದ್ದರಿಂದ ಈಗ ಮೀನು ಆಳ ಬಿಟ್ಟು ದಡದ ಕಡೆಗೆ ಬಂದಿದೆ. ಗಾಳಿ ಹೊಡೆಯುವ ದಡವನ್ನೇ ಆರಿಸಿ. ಅಲೆ ಸಣ್ಣ ಜೀವಿಗಳನ್ನು ಅತ್ತ ದೂಡುತ್ತದೆ, ಅವುಗಳ ಹಿಂದೆ ಮರಿಮೀನು, ಮರಿಮೀನಿನ ಹಿಂದೆ ಬಾಸ್. ಕದಡಿದ ನೀರಿನ ಮೇಲ್ಮೈಯಲ್ಲಿ ದೋಣಿಯ ನೆರಳೂ ದಾರವೂ ಅದಕ್ಕೆ ಸ್ಪಷ್ಟವಾಗಿ ಕಾಣುವುದಿಲ್ಲ. ಮೋಟರನ್ನು ಗಾಳಿಗೆ ಎದುರಾಗಿ ನಡೆಸಿ. ಗಾಳಿಯ ಜೊತೆ ಹೋದರೆ ದೋಣಿ ಮೀನಿನ ತಲೆಯ ಮೇಲೇ ಹಾದುಹೋಗುತ್ತದೆ. ತಿರುಗುವ ಲೋಹದ ತಗಡಿನ ಕೃತಕ ಎರೆಯಾದ 10 ಗ್ರಾಮಿನ ಸ್ಪಿನ್ನರ್‌ಬೈಟನ್ನು ದಡಕ್ಕೆ ನೇರವಾಗಿ ಎಸೆಯುವ ಬದಲು ದಡದ ಉದ್ದಕ್ಕೆ ಎಸೆದರೆ ಅದು ಒಂದು-ಒಂದೂವರೆ ಮೀಟರ್ ಆಳದಲ್ಲೇ ಹೆಚ್ಚು ಹೊತ್ತು ಈಜುತ್ತದೆ. ಬೊಡ್ಡೆಗೆ ತಾಗಿಸಿ, ತಾಗಿದ ಕೂಡಲೇ ಅರೆಕ್ಷಣ ನಿಲ್ಲಿಸಿ. ಕಚ್ಚುವುದು ಆಗಲೇ.

ಗಾಳಿಗೆ ಎಸೆಯುವಾಗ ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ದಾರ ಗುಬ್ಬಿಗೂಡಾಗುವುದು ಹೊಸಬರ ದೊಡ್ಡ ಕಾಟ. ಕಾರಣ ಸರಳ: ಹಾರುವ ಎರೆ ನಿಧಾನವಾದರೂ ಉರುಳೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಎರೆಯನ್ನು ಕಡ್ಡಿಯ ತುದಿಯಿಂದ ತೂಗಿಬಿಟ್ಟು ಗುಂಡಿ ಒತ್ತಿದಾಗ ಅದು ಮೆಲ್ಲಗೆ ಇಳಿದು, ನೆಲ ಮುಟ್ಟಿದ ಕ್ಷಣ ಉರುಳೆ ನಿಲ್ಲುವಷ್ಟು ಬಿಗಿ ಕೊಡಿ. ಬ್ರೇಕನ್ನು ಮೊದಲು ಹೆಚ್ಚಿಟ್ಟು ಕೈ ಪಳಗಿದಂತೆ ಇಳಿಸಿ. ಎರೆ ನೀರು ಮುಟ್ಟುವ ಮುನ್ನ ಹೆಬ್ಬೆರಳು ಉರುಳೆಯ ಮೇಲಿರಬೇಕು.

ಮುಳುಗಿದ ಮರಗಳ ನಡುವೆ ಟೆಕ್ಸಸ್ ರಿಗ್, ಅಂದರೆ ಗಾಳದ ಮೊನೆ ರಬ್ಬರ್ ಹುಳುವಿನಲ್ಲಿ ಅಡಗುವ ಜೋಡಣೆ. 7 ಗ್ರಾಮಿನ, ಬಂದೂಕಿನ ಗುಂಡಿನ ಆಕಾರದ ತೂಕವನ್ನು ಚೂಪು ತುದಿ ಕಡ್ಡಿಯ ಕಡೆಗೆ ಇರುವಂತೆ ದಾರಕ್ಕೆ ಪೋಣಿಸಿ, 3/0 ಅಳತೆಯ ಆಫ್‌ಸೆಟ್ ಗಾಳವನ್ನು ಪಾಲೊಮಾರ್ ಗಂಟಿನಿಂದ (ಮಡಿಸಿದ ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ ಹಾಕುವ ಗಂಟು) ಕಟ್ಟಿ. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಉಜ್ಜಿಕೊಂಡು ಬಿಸಿಯಾದರೆ ಫ್ಲೂರೋಕಾರ್ಬನ್ ದಾರದ ಬಲ ಅಲ್ಲೇ ಕುಸಿಯುತ್ತದೆ. ಇಲ್ಲಿಗೆ 7 ಕೆಜಿ ತಾಳುವ ದಾರ ಬೇಕು. 18 ಸೆಂಟಿಮೀಟರಿನ ರಬ್ಬರ್ ಹುಳುವಿನ ತಲೆಗೆ ಗಾಳದ ಮೊನೆಯನ್ನು ಅರ್ಧ ಸೆಂಟಿಮೀಟರ್ ಚುಚ್ಚಿ, ಪಕ್ಕದಿಂದ ಹೊರತೆಗೆದು, ಹುಳುವನ್ನು ಗಾಳದ ಕಣ್ಣಿನವರೆಗೆ ಎಳೆದು ತಿರುಗಿಸಿ. ಗಾಳದ ಬಾಗು ಹುಳುವಿನ ಮೇಲೆ ಎಲ್ಲಿ ಬರುತ್ತದೆಂದು ಹಿಡಿದು ನೋಡಿ, ಆ ಜಾಗದಲ್ಲೇ ಮೊನೆಯನ್ನು ಆರಪಾರ ತೂರಿಸಿ, ಮೊನೆಯ ತುದಿಯನ್ನು ಮೇಲ್ಚರ್ಮದಲ್ಲಿ ತುಸುವೇ ಹುದುಗಿಸಿ. ಹುಳು ನೆಟ್ಟಗೆ ತೂಗಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನು ಹುರಿಗಟ್ಟಿಸುತ್ತದೆ, ಮೀನೂ ನಂಬುವುದಿಲ್ಲ. ಹೆಚ್ಚಿನ ಕಡಿತ ಬರುವುದು ಅದು ಕೆಳಗಿಳಿಯುವಾಗ. ಇಳಿಯುವ ದಾರದ ಮೇಲೆ ಕಣ್ಣಿಡಿ. ಪಕ್ಕಕ್ಕೆ ಸರಿದರೆ ಅಥವಾ ತಳ ಮುಟ್ಟುವ ಮೊದಲೇ ನಿಂತರೆ ಸಡಿಲ ಸುತ್ತಿಕೊಂಡು ಎಳೆಯಿರಿ.

ಕತ್ತರಿಸಿದ ದಾರದ ತುಂಡು ಜೇಬಿಗೇ ಹೋಗಬೇಕು. ನೀರಿಗೆ ಬಿದ್ದ ದಾರ ಹಕ್ಕಿಗಳ ಕಾಲಿಗೆ ಸುತ್ತುತ್ತದೆ. ಪ್ರೊಪೆಲ್ಲರಿಗೆ ಸಿಕ್ಕಿದರೆ ಅದು ದಂಡಕ್ಕೆ ಸುತ್ತಿಕೊಂಡು, ಘರ್ಷಣೆಗೆ ಕರಗಿ ಸೀಲನ್ನು ಕೊಯ್ಯುತ್ತದೆ; ಗೇರ್ ಎಣ್ಣೆ ಹೊರಗೆ, ನೀರು ಒಳಗೆ. ಸಂಜೆ ದೋಣಿ ದಡಕ್ಕೆ ಬಂದಾಗ, ಆಕಸ್ಮಿಕವಾಗಿ ಸ್ಟಾರ್ಟ್ ಆಗದಂತೆ ಎಂಜಿನ್ ನಿಲ್ಲಿಸುವ ಹಗ್ಗದ ಕ್ಲಿಪ್ ತೆಗೆದು, ಪ್ರೊಪೆಲ್ಲರ್ ಬಿಚ್ಚಿ ನೋಡಿ: ಕಾಟರ್ ಪಿನ್, ನಟ್ಟು, ವಾಷರ್, ಪ್ರೊಪೆಲ್ಲರ್, ಒಳಗಿನ ದಪ್ಪ ವಾಷರ್. ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಡಿ. ಒಳಗಿನ ದಪ್ಪ ವಾಷರ್ ಪ್ರೊಪೆಲ್ಲರಿನ ಒಳಬದಿಗೆ ಅಂಟಿಕೊಂಡು ಬಂದು ಹುಲ್ಲಿಗೆ ಬೀಳುವುದು ಸಾಮಾನ್ಯ. ದಾರ ಕಿತ್ತು, ದಂಡಕ್ಕೆ ನೀರಿಗೆ ಕರಗದ ಗ್ರೀಸ್ ಹಚ್ಚಿ, ಹೊಸ ಪಿನ್ ಹಾಕಿ. ಹಳೆಯ ಪಿನ್ನನ್ನು ಮತ್ತೆ ಮಡಿಸಿದರೆ ಮುರಿಯುತ್ತದೆ.

ರಾತ್ರಿ ಚಾರ್ಜಿಗೆ ಹಾಕುವಾಗ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆರೆದಿರಲಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಕ್ಲಿಪ್ಪುಗಳನ್ನು ಮೊದಲು ಬ್ಯಾಟರಿಗೆ ಸಿಕ್ಕಿಸಿ, ಕರೆಂಟನ್ನು ಆಮೇಲೆ ಕೊಡಿ.

ಎರಡನೆಯ ದಿನ: ತಣ್ಣನೆಯ ನೀಲಿ ಆಕಾಶ

ರಾತ್ರಿ ಮಳೆ ಹಾದುಹೋಗಿ ಬೆಳಗ್ಗೆ ಆಕಾಶ ತೊಳೆದಿಟ್ಟಂತಿದೆ. ನೀರು 14 ಡಿಗ್ರಿಗೆ ಇಳಿದಿದೆ. ಬಾಸ್ ಹಿಡಿಯುವವರಿಗೆ ಅತಿ ಕಷ್ಟದ ದಿನ ಇದು. ಮೀನು ದೂರ ಹೋಗಿರುವುದಿಲ್ಲ. ನಿನ್ನೆಯ ದಡಕ್ಕೆ ಹತ್ತಿರದ, ನೀರಿನಡಿಯ ಕಡಿದಾದ ಇಳಿಜಾರಿಗೆ ಸರಿದು, ಮರಕ್ಕೋ ಬಂಡೆಗೋ ಒತ್ತಿಕೊಂಡು ಕೂತಿರುತ್ತದೆ. ಎರೆಯನ್ನು ಬೆನ್ನಟ್ಟುವುದಿಲ್ಲ, ಮೂಗಿನ ಮುಂದೆ ಬಂದದ್ದನ್ನಷ್ಟೇ ಬಾಯಿಗೆ ಹಾಕಿಕೊಳ್ಳುತ್ತದೆ. ನಿನ್ನೆ ಕೆಲಸ ಮಾಡಿದ ಸ್ಪಿನ್ನರ್‌ಬೈಟನ್ನೇ ಮಧ್ಯಾಹ್ನದವರೆಗೆ ಎಸೆಯುತ್ತ ಕೂರುವುದು ಇಂದಿನ ದೊಡ್ಡ ತಪ್ಪು.

ಆಳ ತೋರಿಸುವ ಸೋನಾರಿನಲ್ಲಿ 4ರಿಂದ 6 ಮೀಟರಿನ ಅಂಚು ಹುಡುಕಿ ಡ್ರಾಪ್ ಶಾಟ್ (ತೂಕ ಕೆಳಗೆ, ಗಾಳ ಅದರ ಮೇಲೆ ಇರುವ ಜೋಡಣೆ) ಇಳಿಸಿ. 3.5 ಕೆಜಿ ದಾರ, 1 ಅಥವಾ 1/0 ಅಳತೆಯ ಗಾಳ. ಪಾಲೊಮಾರ್ ಗಂಟಿನಲ್ಲಿ ಬಾಲವನ್ನು ಅರ್ಧ ಮೀಟರ್ ಉದ್ದ ಬಿಟ್ಟು, ಆ ಬಾಲವನ್ನು ಗಾಳದ ಕಣ್ಣಿನೊಳಗೆ ಮೊನೆ ಇರುವ ಬದಿಯಿಂದ ಇನ್ನೊಮ್ಮೆ ತೂರಿಸಿ ಕೆಳಗೆಳೆದರೆ ಗಾಳ ದಾರಕ್ಕೆ ಅಡ್ಡಲಾಗಿ, ಮೊನೆ ಮೇಲೆ ಮಾಡಿ ನಿಲ್ಲುತ್ತದೆ. 30 ಸೆಂಟಿಮೀಟರ್ ಕೆಳಗೆ 7 ಗ್ರಾಮ್ ತೂಕ. ತೂಕ ತಳದಲ್ಲೇ ಇರಲಿ. ಬಿಗಿದಾರ ಎಳೆಯದೆ, ದಾರದ ಸಡಿಲವನ್ನಷ್ಟೇ ನಡುಗಿಸಿ, ಆಮೇಲೆ ಹತ್ತು ಎಣಿಸುವಷ್ಟು ಸುಮ್ಮನಿರಿ. ಕಡಿತ ಎಂದರೆ ಕಡ್ಡಿಯ ತುದಿ ತುಸು ಭಾರವಾಗುವುದು, ಅಷ್ಟೇ. ಜೋರಾಗಿ ಝಾಡಿಸದೆ ಮೆಲ್ಲಗೆ ಎತ್ತುತ್ತ ಸುತ್ತಿ; ತೆಳುಗಾಳ ತಾನೇ ನಾಟುತ್ತದೆ.

ಇಷ್ಟು ನಿಧಾನದ ಆಟಕ್ಕೆ ದೋಣಿ ಅಲ್ಲಾಡಬಾರದು, ಹಾಗಾಗಿ ಲಂಗರು. 5 ಮೀಟರ್ ಆಳಕ್ಕೆ ದೋಣಿಯ ಮುಂಭಾಗದ ಎತ್ತರ ಅರ್ಧ ಮೀಟರ್ ಸೇರಿಸಿ, ಅದರ ಐದು ಪಟ್ಟು, ಅಂದರೆ 27 ಮೀಟರಿನಷ್ಟು ಹಗ್ಗ ಬಿಡಿ. ಗಾಳಿ ಹೆಚ್ಚಿದರೆ ಏಳು ಪಟ್ಟು. ಲಂಗರಿನ ಬಳಿ ಎರಡು ಮೀಟರ್ ಸರಪಳಿಯಿದ್ದರೆ ಎಳೆತ ನೆಲಕ್ಕೆ ಸಮಾಂತರವಾಗಿ ಬಿದ್ದು ಕೊಕ್ಕೆ ಕಚ್ಚಿಕೊಳ್ಳುತ್ತದೆ. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತುಬರುತ್ತದೆ. ಹಗ್ಗವನ್ನು ಯಾವಾಗಲೂ ಮುಂಭಾಗಕ್ಕೇ ಕಟ್ಟಿ. ಹಿಂಬದಿ ತಗ್ಗು, ಎಂಜಿನ್ನಿನ ಭಾರವೂ ಅಲ್ಲೇ. ಹಿಂದೆ ಕಟ್ಟಿದ ಲಂಗರು ಅಲೆಯನ್ನು ನೇರ ಒಳಕ್ಕೆ ಕರೆಯುತ್ತದೆ. ಸಣ್ಣ ದೋಣಿಗಳು ಮುಳುಗಿರುವುದು ಹೀಗೆಯೇ.

ಹಿಡಿದ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಅದರ ಮೈಯ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಕೆಳದವಡೆ ಹಿಡಿದು ನೇರವಾಗಿ ತೂಗಿಸಿ. ಎರಡು ಕೆಜಿ ಮೀರಿದ ಮೀನಿಗೆ ಹೊಟ್ಟೆಯ ಕೆಳಗೆ ಇನ್ನೊಂದು ಕೈ ಬೇಕು. ದವಡೆಯೊಂದರಿಂದಲೇ ಅಡ್ಡಲಾಗಿ ಎತ್ತಿದರೆ ಅದರ ಕೀಲು ಹರಿಯುತ್ತದೆ. ಗಂಟಲಲ್ಲಿ ಗಾಳ ನಾಟಿದ್ದರೆ ಬಾಯಿಯಿಂದ ಎಳೆಯಬೇಡಿ. ದಾರ ಸಡಿಲ ಬಿಟ್ಟು, ಕಿವಿರಿನ ಕಡೆಯಿಂದ ಸಣ್ಣ ಇಕ್ಕಳ ತೂರಿಸಿ, ಗಾಳದ ದಂಡ ಹಿಡಿದು ಬುಡಮೇಲಾಗಿ ತಿರುಗಿಸಿದರೆ ಬಂದ ದಾರಿಯಲ್ಲೇ ಕಳಚುತ್ತದೆ. ಕಿವಿರಿನ ಕೆಂಪು ಎಳೆಗಳಿಗೆ ಇಕ್ಕಳ ತಾಗಬಾರದು.

ಗಾಳ ಮನುಷ್ಯರ ಕೈಗೂ ನಾಟುತ್ತದೆ. ಒಂಟಿ ಮೊನೆಯ ಗಾಳ ಬೆರಳಿಗೋ ತೋಳಿಗೋ ಮುಳ್ಳಿನವರೆಗೆ ಇಳಿದಿದ್ದರೆ, ಬಾಗಿಗೆ ಗಟ್ಟಿ ದಾರ ಸುತ್ತಿ, ದಂಡವನ್ನು ಚರ್ಮಕ್ಕೆ ಒತ್ತಿಹಿಡಿದು, ಇನ್ನೊಬ್ಬರು ದಂಡಕ್ಕೆ ಸಮಾಂತರವಾಗಿ ಒಮ್ಮೆಗೇ ಝಾಡಿಸಿ ಎಳೆಯಬೇಕು. ಅರೆಮನಸ್ಸಿನ ಎಳೆತ ನೋವು ಮಾತ್ರ ಕೊಡುತ್ತದೆ. ಕಣ್ಣು, ಕುತ್ತಿಗೆ, ಕೀಲಿನ ಬಳಿಯಾದರೆ ಮುಟ್ಟದೆ ವೈದ್ಯರ ಬಳಿ ಹೋಗಿ.

ಮಧ್ಯಾಹ್ನ ಗಾಳಿ ಏಳುತ್ತದೆ. ಅಲ್ಲಲ್ಲಿ ಅಲೆಯ ನೆತ್ತಿ ಬೆಳ್ಳಗಾಗತೊಡಗಿದರೆ ಗಾಳಿ ಗಂಟೆಗೆ 20 ಕಿಲೋಮೀಟರಿನ ಹತ್ತಿರ ಬಂದಿದೆ ಎಂದರ್ಥ. 14 ಅಡಿಯ ದೋಣಿಗೆ ಅದೇ ಮರಳುವ ಸೂಚನೆ. ಅಲೆಯನ್ನು ನೇರವಾಗಿ ಎದುರಿಸದೆ ಮೂವತ್ತು-ನಲವತ್ತೈದು ಡಿಗ್ರಿ ಓರೆಯಾಗಿ, ವೇಗ ತಗ್ಗಿಸಿ ದಾಟಿ. ಸಾಮಾನು ತಳದಲ್ಲಿ, ಜನ ಕೂತು. ಗುಡುಗು ಕೇಳಿಸಿದರೆ ಮಾತೇ ಇಲ್ಲ, ಕಡ್ಡಿಗಳನ್ನು ಮಲಗಿಸಿ ದಡ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ನೀರಿಗಿಳಿಯಬೇಡಿ.

ಮೂರನೆಯ ದಿನ: ನಸುಕಿನ ಎರಡು ಗಂಟೆ

ಗಾಳಿ ಸತ್ತು ನೀರು ಕನ್ನಡಿಯಾಗಿದೆ, ಉಷ್ಣಾಂಶ ಮತ್ತೆ 16ಕ್ಕೆ ಏರಿದೆ. ಬೆಳಕು ಹರಿಯುವ ಮೊದಲೇ ಜೊಂಡಿನ ಅಂಚಿಗೆ ಪಾಪರ್ (ನೀರು ಚಿಮ್ಮಿಸಿ ಸದ್ದು ಮಾಡುವ ತೇಲುವ ಎರೆ) ಎಸೆಯಿರಿ. ದಾರ ಮಾನೋಫಿಲಮೆಂಟ್ (ಒಂಟಿ ಎಳೆಯ ನೈಲಾನ್) ಇರಲಿ, ಅದು ಬೇಗ ಮುಳುಗುವುದಿಲ್ಲ. ಫ್ಲೂರೋಕಾರ್ಬನ್ ಮುಳುಗಿ ಎರೆಯ ಮೂತಿಯನ್ನು ಕೆಳಗೆಳೆಯುತ್ತದೆ. ಎರೆ ಬಿದ್ದಾಗ ಎದ್ದ ಉಂಗುರಗಳು ಅಳಿಸುವ ತನಕ ಕಾದು ಒಮ್ಮೆ ಚಿಟುಕಿಸಿ. ನೀರು ಸಿಡಿದ ಕ್ಷಣವೇ ಎಳೆದವರ ಕೈಗೆ ಖಾಲಿ ಎರೆ ಬರುತ್ತದೆ. ಮೀನಿನ ಭಾರ ಕೈಗೆ ತಿಳಿದ ಮೇಲೆ ಎಳೆಯಿರಿ. ಬಿಸಿಲು ನೀರು ಮುಟ್ಟಿದರೆ ಈ ಆಟ ಮುಗಿಯಿತು.

ತಿಳಿನೀರಿನ ತಳದಲ್ಲಿ ತಟ್ಟೆಯಗಲದ ಬೆಳ್ಳನೆಯ ಗುಂಡಿ ಕಂಡು, ಅದರ ಮೇಲೆ ಮೀನು ಸುತ್ತುತ್ತಿದ್ದರೆ ಅದು ಗೂಡು ಕಾಯುವ ಗಂಡು. ಅದನ್ನು ಹಿಡಿಯುವುದು ಸುಲಭ, ಹಿಡಿಯದಿರುವುದು ಒಳ್ಳೆಯದು. ಗಂಡು ಅತ್ತ ಸರಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್‌ನಂಥ ಸಣ್ಣ ಮೀನುಗಳು ಮೊಟ್ಟೆಗಳನ್ನು ತಿಂದು ಮುಗಿಸುತ್ತವೆ. ಕೆಲವು ಪ್ರದೇಶಗಳಲ್ಲಿ ಈ ಋತುವಿನ ಬೇಟೆಗೆ ನಿಷೇಧವೂ ಇದೆ.

ಮಧ್ಯಾಹ್ನಕ್ಕೆ ಮುನ್ನ ದೋಣಿ ಮೇಲೆತ್ತಬೇಕು. ಟ್ರೇಲರನ್ನು ತೀರಾ ಆಳಕ್ಕೆ ಬಿಟ್ಟರೆ ದೋಣಿ ಹಲಗೆಯ ಮೇಲೆ ಕೂರದೆ ತೇಲಾಡಿ ಓರೆಯಾಗುತ್ತದೆ. ಹಲಗೆಗಳ ಮುಂದಿನ ಮೂರನೆಯ ಒಂದು ಭಾಗ ನೀರಿನ ಮೇಲಿದ್ದರೆ ಹದ. ವಿಂಚು, ಸರಪಳಿ, ಎಂಜಿನ್ ಮೇಲಕ್ಕೆ, ಆಮೇಲೆ ಬಿರಡೆ ಹೊರಕ್ಕೆ.

ಇಳಿಜಾರಿನ ಬದಿಯಲ್ಲೇ ದೋಣಿಯ ತಳ, ಟ್ರೇಲರಿನ ಅಚ್ಚು, ಪ್ರೊಪೆಲ್ಲರ್, ಲಂಗರಿನ ಹಗ್ಗ ಎಲ್ಲವನ್ನೂ ನೋಡಿ ಕಳೆ ಕೀಳಿ, ಮೀನಿನ ತೊಟ್ಟಿಯ ನೀರು ಚೆಲ್ಲಿ. ಹೈಡ್ರಿಲ್ಲಾ ಎಂಬ ನೀರುಕಳೆಯ ಒಂದು ತುಂಡು, ಝೀಬ್ರಾ ಚಿಪ್ಪುಜೀವಿಯ ಕಣ್ಣಿಗೆ ಕಾಣದ ಮರಿ ಇನ್ನೊಂದು ಕೆರೆಯನ್ನು ಹಾಳುಮಾಡಬಲ್ಲದು. ಬೇರೆ ನೀರಿಗೆ ಇಳಿಸುವ ಮೊದಲು ಕನಿಷ್ಠ ಐದು ದಿನ ಒಣಗಿಸಿ, ಇಲ್ಲವೇ 60 ಡಿಗ್ರಿಯ ಬಿಸಿನೀರಿನಲ್ಲಿ ತೊಳೆಯಿರಿ. ಜೀವಂತ ಬಾಸನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯಲೇಬಾರದು. ಉತ್ತರ ಅಮೆರಿಕದ ಈ ಮೀನನ್ನು 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ಬಿಡಲಾಯಿತು. ಅದು ಅಲ್ಲಿಂದ ದೇಶವೆಲ್ಲ ಹರಡಿ ಸ್ಥಳೀಯ ಮೀನುಗಳನ್ನು ತಿಂದುಹಾಕಿತು. ಇಂದು ಜಪಾನಿನಲ್ಲಿ ಜೀವಂತ ಬಾಸ್ ಸಾಗಿಸುವುದು ಕಾನೂನುಬಾಹಿರ, ಬಿವಾ ಸರೋವರದಲ್ಲಿ ಹಿಡಿದದ್ದನ್ನು ಮರಳಿ ಬಿಡುವಂತೆಯೂ ಇಲ್ಲ. ಆಯಾ ನೀರಿನ ನಿಯಮವನ್ನು ಹೋಗುವ ಮೊದಲೇ ಓದಿಕೊಳ್ಳಿ.

ಮರಳಿದ ಮೇಲೆ

ಎಂಜಿನ್ನಿನ ನೀರು ಸೇದುವ ಕಂಡಿಗಳಿಗೆ ರಬ್ಬರ್ ಬಟ್ಟಲು ಸಿಕ್ಕಿಸಿ, ಮೊದಲು ನಲ್ಲಿ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ. ಆರಿಸಿದ ಮೇಲೆ ನೆಟ್ಟಗೆ ನಿಲ್ಲಿಸಿ ನೀರೆಲ್ಲ ಸೋರಲು ಬಿಡಿ. ಗೇರ್ ಪೆಟ್ಟಿಗೆಯ ಕೆಳತಿರುಪನ್ನು ಸಡಿಲಿಸಿ ಒಂದು ಹನಿ ಎಣ್ಣೆ ನೋಡಿ: ಹಾಲು ಬೆರೆಸಿದ ಕಾಫಿಯ ಬಣ್ಣವಾಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ. ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಂಡು ಗೇರು ಅರ್ಧ ಒಣಗೇ ಓಡುತ್ತದೆ. ಮೊದಲು ಮೇಲಿನ ತಿರುಪು ಬಿಗಿದು, ಆಮೇಲೆ ಕೆಳಗಿನದು.

ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆಹಿಡಿದು ಬಿಡುವ ಬಿಗಿ) ಪೂರ್ತಿ ಸಡಿಲಿಸಿ; ಬಿಗಿದೇ ಇಟ್ಟರೆ ಒಳಗಿನ ಬಿಲ್ಲೆಗಳು ಚಪ್ಪಟೆಯಾಗಿ ಮುಂದಿನ ಸಲ ದಾರ ತಡೆತಡೆದು ಬಿಡುತ್ತದೆ. ಒದ್ದೆ ಎರೆಗಳ ಪೆಟ್ಟಿಗೆಯನ್ನು ಒಂದು ರಾತ್ರಿ ತೆರೆದಿಡಿ. ರಬ್ಬರ್ ಹುಳುಗಳು ಅವು ಬಂದ ಚೀಲದಲ್ಲೇ ಇರಲಿ, ಗಟ್ಟಿ ಪ್ಲಾಸ್ಟಿಕ್ಕಿನ ಎರೆಗೆ ತಾಗಿದರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಜೀವರಕ್ಷಕಗಳನ್ನು ನೆರಳಿನಲ್ಲಿ ಒಣಗಿಸಿ. ಬ್ಯಾಟರಿಯನ್ನು ಅಂದೇ ರಾತ್ರಿ ಚಾರ್ಜಿಗೆ ಹಾಕಿ; ಅರ್ಧ ಖಾಲಿಯಾಗಿ ವಾರಗಟ್ಟಲೆ ಕೂತ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದು ಪೂರ್ತಿ ತುಂಬುವುದೇ ಇಲ್ಲ.

ದೋಣಿಯ ಮುಂಭಾಗವನ್ನು ತುಸು ಎತ್ತರಿಸಿ ನಿಲ್ಲಿಸಿ, ಮಳೆನೀರು ಬಿರಡೆಯ ತೂತಿನಿಂದ ಹರಿದುಹೋಗಲಿ. ಬಿರಡೆಯನ್ನು ಮಾತ್ರ ದೋಣಿಯೊಳಗೆ ಬಿಡಬೇಡಿ. ಎಂಜಿನ್ ನಿಲ್ಲಿಸುವ ಹಗ್ಗಕ್ಕೇ ಕಟ್ಟಿಡಿ. ಆ ಹಗ್ಗವಿಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹಗ್ಗ ಕೈಗೆತ್ತಿಕೊಂಡಾಗ ಬಿರಡೆಯೂ ಕೈಗೆ ಬರುತ್ತದೆ.